ಅಲುಗುವ ಶ್ರುತಿಯ ಮೇಲೆ ನಿಂತ ಕೀರ್ತಿ

ಬೋರ್ಡ್ಸ್ ಆಫ್ ಕೆನಡಾ ಎಂದರೆ ಯಾವುದೋ ಸರ್ಕಾರಿ ಮಂಡಳಿಯ ಹೆಸರಿನಂತೆ ಕೇಳಿಸುತ್ತದೆ. ಸ್ಕಾಟ್ಲೆಂಡಿನ ಮೈಕೆಲ್ ಸ್ಯಾಂಡಿಸನ್ ಮತ್ತು ಮಾರ್ಕಸ್ ಓಯಿನ್ ಎಂಬ ಅಣ್ಣತಮ್ಮಂದಿರು ಕಟ್ಟಿದ ಎಲೆಕ್ಟ್ರಾನಿಕ್ ಸಂಗೀತದ ಜೋಡಿ ಅದು. ಎಡಿನ್‌ಬರೋ ಸಮೀಪದ ಪೆಂಟ್‌ಲ್ಯಾಂಡ್ ಗುಡ್ಡಗಳ ಕಡೆ ತಮ್ಮದೇ ಸ್ಟುಡಿಯೋ ಇಟ್ಟುಕೊಂಡವರು. ವೇದಿಕೆ ಹತ್ತಿದ್ದು ಬೆರಳೆಣಿಕೆಯಷ್ಟು ಸಲ, ಸಂದರ್ಶನ ಕೊಟ್ಟದ್ದೂ ಕಡಿಮೆ. 1998ರಲ್ಲಿ ಬಂದ ಅವರ ‘ಮ್ಯೂಸಿಕ್ ಹ್ಯಾಸ್ ದ ರೈಟ್ ಟು ಚಿಲ್ಡ್ರನ್’ ಆಲ್ಬಂ ಆ ದಶಕದ ದೊಡ್ಡ ಕೃತಿಗಳ ಪಟ್ಟಿಗಳಲ್ಲಿ ತಪ್ಪದೆ ಕಾಣಿಸುತ್ತದೆ. ಅದು 2004ರಲ್ಲಿ ಮರುಬಿಡುಗಡೆಯಾದಾಗ ಅಮೆರಿಕದ ‘ಪಿಚ್‌ಫೋರ್ಕ್’ ಪತ್ರಿಕೆ ಹತ್ತಕ್ಕೆ ಹತ್ತು ಅಂಕ ಕೊಟ್ಟಿತು. ಆ್ಯಂಬಿಯೆಂಟ್ ಸಂಗೀತ ಎಲ್ಲಿಂದ ಶುರು ಮಾಡಬೇಕೆಂದು ಕೇಳುವ ಹುಡುಗರ ಕೈಗೆ ಹಿರಿಯ ಕೇಳುಗರು ಮೊದಲು ಇಡುವುದು ಇದನ್ನೇ.

ಇವರಿಗೆ ಸಿಕ್ಕಿರುವ ಸ್ಥಾನ ಇವರ ಸಂಗೀತಕ್ಕಿಂತ ದೊಡ್ಡದು ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ. ಸಂಗೀತ ಕೆಟ್ಟದ್ದೆಂದು ಹೇಳುತ್ತಿಲ್ಲ. ಅದರಲ್ಲಿ ನನಗೆ ಪ್ರಿಯವಾದ ತುಣುಕುಗಳಿವೆ, ಅವುಗಳ ಮಾತಿಗೂ ಬರುತ್ತೇನೆ. ಆದರೆ ಅದನ್ನು ಶಿಖರದ ಮೇಲೆ ಕೂರಿಸಿದವರು ಯಾವ ಕಾರಣಕ್ಕೆ ಕೂರಿಸಿದರು ಎಂದು ಹುಡುಕುತ್ತ ಹೋದರೆ, ಬಹಳಷ್ಟು ಕಾರಣಗಳು ಸ್ವರದ ಹೊರಗೆ ಸಿಗುತ್ತವೆ.

ನನ್ನ ಕೆಲಸದ ಬಗ್ಗೆ ಹೇಳದೆ ಈ ಮಾತು ಮುಂದೆ ಹೋಗದು. ನಾನು ಧಾರವಾಡದಲ್ಲಿ ಹಳೆಯ ಸ್ಪೂಲ್ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವವಳು. ಗವಾಯಿಗಳ ಮನೆಯ ಅಟ್ಟದಲ್ಲಿ, ಸಂಗೀತ ಸಭೆಗಳ ಕಪಾಟಿನಲ್ಲಿ ಉಳಿದುಹೋದ ಮೆಹಫಿಲ್‌ಗಳ ಧ್ವನಿಮುದ್ರಣ ನನ್ನ ಮೇಜಿಗೆ ಬರುತ್ತದೆ. ಕೆಲವು ಟೇಪುಗಳ ಅಂಟು ತೇವ ಹೀರಿ ಜಿಗುಟಾಗಿರುತ್ತದೆ. ಅವನ್ನು ಐವತ್ತು ಡಿಗ್ರಿಯ ಆಸುಪಾಸಿನ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು, ಆರಿಸಿ, ಆಮೇಲೆ ಮಷೀನಿಗೆ ಹಾಕಬೇಕು. ಟೇಪನ್ನು ಎಳೆಯುವ ರಬ್ಬರ್ ಉರುಳೆ ಸವೆದಿದ್ದರೆ ವೇಗ ಏರಿಳಿಯುತ್ತದೆ, ವೇಗದ ಜೊತೆ ಶ್ರುತಿಯೂ ಅಲುಗುತ್ತದೆ. ನಿಧಾನದ ಅಲುಗಾಟಕ್ಕೆ ‘ವಾವ್’, ಬೇಗದ್ದಕ್ಕೆ ‘ಫ್ಲಟರ್’ ಎಂದು ನಮ್ಮ ಕಸುಬಿನವರು ಹೇಳುತ್ತಾರೆ. ವೇಗ ನೂರಕ್ಕೆ ಒಂದರಷ್ಟು ಹೆಚ್ಚಾದರೂ ಸ್ವರ ಅರ್ಧ ಮನೆಯ ಆರನೇ ಒಂದು ಭಾಗದಷ್ಟು ಮೇಲೇರುತ್ತದೆ. ತಂಬೂರಿಯ ಷಡ್ಜದ ಮೇಲೆ ನಿಂತ ಹಾಡಿಕೆಯಲ್ಲಿ ಅಷ್ಟು ಸಾಕು, ಕೇಳುವವರ ಹೊಟ್ಟೆಯಲ್ಲಿ ಏನೋ ಕದಲಿದಂತಾಗುತ್ತದೆ.

ಆ ಕದಲಿಕೆಯೇ ಬೋರ್ಡ್ಸ್ ಆಫ್ ಕೆನಡಾ ಜೋಡಿಯ ಮುಖ್ಯ ಬಂಡವಾಳ. ಅವರು ತಾವೇ ನುಡಿಸಿದ ಸಿಂಥಸೈಜರ್ ಸ್ವರಗಳನ್ನು ಹಳೆಯ ಟೇಪಿಗೆ ಹಾಕಿ, ಸವೆಸಿ, ಮಂಕು ಮಾಡಿ, ಶ್ರುತಿ ತೂಗಾಡುವಂತೆ ಮಾಡುತ್ತಾರೆ. ಅಡಿಯಲ್ಲಿ ಹಿಪ್‌ಹಾಪ್ ನಡೆಯ ಭಾರವಾದ ಡ್ರಮ್, ಮೇಲೆ ಮಕ್ಕಳ ಮಾತಿನ ಚೂರು ಅಥವಾ ಶೈಕ್ಷಣಿಕ ಚಿತ್ರದ ಧಾಟಿಯ ಒಂದು ದನಿ. ‘ದ ಕಲರ್ ಆಫ್ ದ ಫೈರ್’ನಲ್ಲಿ ಒಂದು ಮಗು ತಡವರಿಸುತ್ತ ಪ್ರೀತಿಯ ಮಾತನ್ನು ಅಕ್ಷರ ಕೂಡಿಸಿ ಓದುತ್ತದೆ. ‘ಅಕ್ವೇರಿಯಸ್’ನಲ್ಲಿ ಒಬ್ಬ ಹೆಣ್ಣುಮಗಳು ಅಂಕಿ ಎಣಿಸುತ್ತಾಳೆ. ಬಾಲ್ಯದಲ್ಲಿ ಈ ಅಣ್ಣತಮ್ಮಂದಿರು ಕೆಲಕಾಲ ಕೆನಡಾದ ಕ್ಯಾಲ್ಗರಿಯಲ್ಲಿದ್ದರು. ಅಲ್ಲಿಯ ನ್ಯಾಷನಲ್ ಫಿಲ್ಮ್ ಬೋರ್ಡ್‌ನ ಸಾಕ್ಷ್ಯಚಿತ್ರಗಳನ್ನು ಟಿವಿಯಲ್ಲಿ ನೋಡಿ ಬೆಳೆದವರು, ಹೆಸರು ತೆಗೆದುಕೊಂಡದ್ದೂ ಅಲ್ಲಿಂದಲೇ. 1939ರಲ್ಲಿ ಆ ಸಂಸ್ಥೆಯನ್ನು ಕಟ್ಟಿದ ಜಾನ್ ಗ್ರಿಯರ್ಸನ್, ಅದರ ಅತ್ಯಂತ ಪ್ರಸಿದ್ಧ ಆನಿಮೇಷನ್ ಕಲಾವಿದ ನಾರ್ಮನ್ ಮೆಕ್‌ಲಾರೆನ್, ಇಬ್ಬರೂ ಸ್ಕಾಟ್ಲೆಂಡಿನವರು. ಮೆಕ್‌ಲಾರೆನ್ ಫಿಲ್ಮಿನ ಅಂಚಿನ ಮೇಲೆ ನೇರವಾಗಿ ಚಿತ್ರ ಮೂಡಿಸಿ ಅದರಿಂದಲೇ ಸಂಗೀತ ಹುಟ್ಟಿಸಿದ ಮನುಷ್ಯ. ಸ್ಯಾಂಡಿಸನ್ ಸಹೋದರರ ಬಗ್ಗೆ ಪುಟಗಟ್ಟಲೆ ಬರೆದವರಲ್ಲಿ ಹೆಚ್ಚಿನವರು ಮೆಕ್‌ಲಾರೆನ್‌ನತ್ತ ಒಂದು ಸಾಲನ್ನೂ ತಿರುಗಿಸುವುದಿಲ್ಲ.

ಆ್ಯಂಬಿಯೆಂಟ್ ಸಂಗೀತ ಎಂದರೇನು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮುನ್ನೆಲೆಗೆ ಬಂದು ನಮ್ಮ ಗಮನ ಕಸಿದುಕೊಳ್ಳದೆ, ಕೋಣೆಯ ಗಾಳಿಯಲ್ಲಿ ಸೇರಿಕೊಂಡಿರುವ ಸಂಗೀತ. ಕಿವಿಗೊಟ್ಟರೆ ತೆರೆದುಕೊಳ್ಳಬೇಕು, ಬಿಟ್ಟರೆ ಸುಮ್ಮನಿರಬೇಕು. ಫ್ರಾನ್ಸಿನ ಎರಿಕ್ ಸಾಟಿ 1917ರ ಹೊತ್ತಿಗೇ ಪೀಠೋಪಕರಣದಂತೆ ಪಕ್ಕದಲ್ಲಿರುವ ಸಂಗೀತದ ಮಾತಾಡಿದ್ದರು. ಅದಕ್ಕೆ ಇಂದಿನ ಹೆಸರನ್ನೂ ರೂಪವನ್ನೂ ಕೊಟ್ಟವರು ಇಂಗ್ಲೆಂಡಿನ ಬ್ರಯನ್ ಈನೋ, 1978ರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಮೂಲಕ. ಈನೋ ಕಲಾಶಾಲೆಯ ದಿನಗಳಲ್ಲೇ ಅಮೆರಿಕದ ಲಾ ಮಾಂಟ್ ಯಂಗ್ ಅವರ ಕೃತಿಯನ್ನು ನುಡಿಸಿದವರು. ಆ ಯಂಗ್ ಮತ್ತು ಅವರ ಗೆಳೆಯ ಟೆರ್ರಿ ರೈಲಿ 1970ರಿಂದ ಶಿಷ್ಯರಾಗಿ ಕೂತದ್ದು ಕಿರಾನಾ ಘರಾಣೆಯ ಪಂಡಿತ್ ಪ್ರಾಣನಾಥರ ಮುಂದೆ. ಪ್ರಾಣನಾಥರ ಗುರು ಅಬ್ದುಲ್ ವಹೀದ್ ಖಾನ್. ವಹೀದ್ ಖಾನರ ಬಂಧು ಅಬ್ದುಲ್ ಕರೀಂ ಖಾನರಿಂದ ನಮ್ಮ ಕುಂದಗೋಳದ ಸವಾಯಿ ಗಂಧರ್ವರು ಕಲಿತರು. ಅವರಿಂದ ಗಂಗೂಬಾಯಿ, ಭೀಮಸೇನ ಜೋಶಿ. ಒಂದೇ ಸ್ವರದ ಮೇಲೆ ತಡೆದು ನಿಂತು ಅದರ ಒಳಗನ್ನು ನೋಡುವ ಆ ವಿಲಂಬಿತ ಆಲಾಪದ ಬುದ್ಧಿ ಪಶ್ಚಿಮದ ಈ ಸಂಗೀತದೊಳಗೂ ಒಂದು ಎಳೆಯಾಗಿ ಹರಿದಿದೆ. ನನಗೆ ಈ ಬಗೆಯ ಸಂಗೀತ ಪರಕೀಯವಾಗಿ ಕೇಳಿಸದಿರುವುದಕ್ಕೆ ಇದೊಂದು ಕಾರಣ. ಸ್ವರದ ಮೇಲೆ ನಿಲ್ಲುವುದೆಂದರೆ ಏನೆಂದು ನಮ್ಮ ಊರಿನವರು ಕೇಳಿ ಬಲ್ಲರು. ಹಾಗಾಗಿ ನಿಂತಂತೆ ತೋರಿಸಿ ಸುಮ್ಮನೆ ಸುತ್ತುತ್ತಿರುವುದೂ ನಮ್ಮ ಕಿವಿಗೆ ಬೇಗ ಗೊತ್ತಾಗುತ್ತದೆ.

‘ರಾಯ್‌ಜಿಬಿವ್’ ಬೋರ್ಡ್ಸ್ ಆಫ್ ಕೆನಡಾ ಜೋಡಿಯ ಅತ್ಯಂತ ಜನಪ್ರಿಯ ತುಣುಕುಗಳಲ್ಲಿ ಒಂದು, 1998ರ ಆಲ್ಬಮ್ಮಿನದು, ಎರಡೂವರೆ ನಿಮಿಷದ್ದು. ಅದರ ಧಾಟಿಯನ್ನು ನಾನು ಹಾರ್ಮೋನಿಯಂ ಪೇಟಿಯ ಮೇಲೆ ನುಡಿಸಿ ನೋಡಿದೆ. ಅಲುಗಾಟವಿಲ್ಲ, ಮಂಕಿಲ್ಲ, ಡ್ರಮ್ ಇಲ್ಲ, ಬರೀ ಸ್ವರ. ಚೆನ್ನಾಗಿಯೇ ಇತ್ತು. ಮುದ್ದಾದ, ಸಣ್ಣ, ಒಂದೇ ಉಸಿರಿನ ಧಾಟಿ. ಆಮೇಲೆ ಅದೇ ಆಲ್ಬಮ್ಮಿನ ದೀರ್ಘ ತುಣುಕುಗಳನ್ನು ಹೀಗೇ ಬಿಡಿಸಿ ನೋಡಿದಾಗ ಕೈಗೆ ಬಹಳ ಕಡಿಮೆ ಸಿಕ್ಕಿತು. ಎರಡೋ ನಾಲ್ಕೋ ಸ್ವರಗುಚ್ಛ ಸುತ್ತಿ ಸುತ್ತಿ ಬರುತ್ತದೆ. ಐದನೆಯ ನಿಮಿಷದಲ್ಲಿ ಏನಾಗುತ್ತದೆಂದು ಮೊದಲ ನಿಮಿಷದಲ್ಲೇ ಹೇಳಬಹುದು. ಅದನ್ನು ತುಂಬಿ ನಿಲ್ಲಿಸಿರುವುದು ಮೇಲಿನ ಮಸುಕು. ನಡುನಡುವೆ ಬರುವ ಎರಡು ನಿಮಿಷದೊಳಗಿನ ಚಿಕ್ಕ ತುಣುಕುಗಳು, ‘ಬೊಕುಮಾ’, ‘ಕೈನಿ ಇಂಡಸ್ಟ್ರೀಸ್’ ಇತ್ಯಾದಿ, ಒಂದು ಬಣ್ಣ ತೋರಿಸಿ ಸರಿದುಹೋಗುತ್ತವೆ. ವಿಮರ್ಶಕರು ಅವನ್ನೂ ಗಹನವೆಂದು ಬರೆದರು.

ಈನೋ ಅವರದ್ದೂ ಪುನರಾವರ್ತನೆಯೇ ಅಲ್ಲವೇ ಎಂದು ಕೇಳಬಹುದು. ಅಲ್ಲಿ ನಡೆಯುವುದು ಬೇರೆ. ‘ಏರ್‌ಪೋರ್ಟ್ಸ್’ನ ಒಂದು ಭಾಗದಲ್ಲಿ ಹಾಡಿದ ಒಂಟಿ ಸ್ವರಗಳನ್ನು ಬೇರೆ ಬೇರೆ ಉದ್ದದ ಟೇಪಿನ ಕುಣಿಕೆಗಳಲ್ಲಿ ಸುತ್ತಲು ಬಿಟ್ಟಿದ್ದಾರೆ. ಒಂದು ಸ್ವರ 23 ಸೆಕೆಂಡು ಚಿಲ್ಲರೆಗೊಮ್ಮೆ ಬರುತ್ತದೆ, ಇನ್ನೊಂದು 25 ಚಿಲ್ಲರೆಗೆ, ಮತ್ತೊಂದು 30ಕ್ಕೆ ಕೂದಲೆಳೆಯಷ್ಟು ಕಡಿಮೆಗೆ. ಈ ಲೆಕ್ಕಗಳು ಒಂದಕ್ಕೊಂದು ಕೂಡಿ ಬರುವುದೇ ಇಲ್ಲ, ಆದ್ದರಿಂದ ಸ್ವರಗಳು ಪ್ರತಿ ಸಲವೂ ಹೊಸ ಸಾಲಿನಲ್ಲಿ ಭೇಟಿಯಾಗುತ್ತವೆ. ತೀರ ಸರಳ ಉಪಾಯ, ಆದರೆ ಕೇಳುತ್ತ ಕೂತವರಿಗೆ ಮುಂದಿನದು ಎಂದೂ ತಿಳಿಯುವುದಿಲ್ಲ.

ಟೇಪಿನ ಸವೆತದ ವಿಷಯಕ್ಕೆ ಬಂದರೆ ನನ್ನ ಮನಸ್ಸಿಗೆ ಬರುವುದು ಅಮೆರಿಕದ ವಿಲಿಯಂ ಬಸಿನ್ಸ್ಕಿ. 1980ರ ದಶಕದ ಆರಂಭದಲ್ಲಿ ಮಾಡಿಟ್ಟ ಟೇಪಿನ ಕುಣಿಕೆಗಳನ್ನು ಅವರು 2001ರಲ್ಲಿ ಡಿಜಿಟಲ್‌ಗೆ ಇಳಿಸಲು ಕೂತರು. ಮಷೀನಿನ ಮೇಲೆ ಸುತ್ತುತ್ತಿದ್ದಂತೆಯೇ ಪ್ಲಾಸ್ಟಿಕ್ ಪಟ್ಟಿಯಿಂದ ಕಬ್ಬಿಣದ ಆಕ್ಸೈಡಿನ ಪುಡಿ ಉದುರತೊಡಗಿತು. ಪ್ರತಿ ಸುತ್ತಿಗೂ ಸಂಗೀತದ ಒಂದಿಷ್ಟು ಭಾಗ ಮತ್ತೆ ಸಿಗದಂತೆ ಹೋಯಿತು. ಅವರು ನಿಲ್ಲಿಸಲಿಲ್ಲ, ರೆಕಾರ್ಡ್ ಆಗಲು ಬಿಟ್ಟರು. ‘ದ ಡಿಸಿಂಟಿಗ್ರೇಷನ್ ಲೂಪ್ಸ್’ ಆ ಕೃತಿ. ಇಂಥ ಪುಡಿಯನ್ನು ನಾನು ನನ್ನ ಮಷೀನಿನ ಹೆಡ್ಡಿನ ಮೇಲಿಂದ ಎಷ್ಟೋ ಸಲ ಒರೆಸಿದ್ದೇನೆ. ಒರೆಸುವಾಗ ಒಬ್ಬ ಗವಾಯಿಯ ಮಂದ್ರದ ಒಂದು ಸ್ವರ ಬಟ್ಟೆಗೆ ಹತ್ತಿತು ಎಂದು ಗೊತ್ತಿರುತ್ತದೆ. ಬಸಿನ್ಸ್ಕಿಯವರಲ್ಲಿ ಆ ನಷ್ಟ ನಮ್ಮ ಕಿವಿಯೆದುರೇ ನಡೆಯುತ್ತದೆ. ಬೋರ್ಡ್ಸ್ ಆಫ್ ಕೆನಡಾದಲ್ಲಿ ಏನೂ ನಷ್ಟವಾಗಿಲ್ಲ. ಹೊಸ ಕಾಗದವನ್ನು ಚಹಾದಲ್ಲಿ ಅದ್ದಿ ತಾತನ ಓಲೆಯೆಂದು ಕೊಟ್ಟ ಹಾಗೆ, ಹಳತಾಗಿರುವಿಕೆಯನ್ನು ಹೊರಗಿನಿಂದ ಹಚ್ಚಲಾಗಿದೆ. ಕಲೆಯಲ್ಲಿ ಹಾಗೆ ಹಚ್ಚುವುದು ತಪ್ಪೇನಲ್ಲ. ಆದರೆ ಅದನ್ನೇ ಕಾಲದ ಕುರಿತ ಧ್ಯಾನ ಎಂದು ಕರೆಯುವಾಗ ನನ್ನ ಕೈಯ ಮೇಲಿನ ಪುಡಿ ಒಪ್ಪುವುದಿಲ್ಲ. ಇವತ್ತು ಕಂಪ್ಯೂಟರಿನಲ್ಲಿ ಒಂದು ಗುಂಡಿ ತಿರುಗಿಸಿದರೆ ಯಾವ ಧ್ವನಿಗೂ ಆ ಅಲುಗಾಟ ಬರುತ್ತದೆ. ಓದುವಾಗ ಹಾಕಿಕೊಳ್ಳುವ ಸಂಗೀತವೆಂದು ಗಂಟೆಗಟ್ಟಲೆ ಹರಿಯುವ ಪಟ್ಟಿಗಳಲ್ಲಿ ಅದು ಅಷ್ಟೂ ಇದೆ. ಇದನ್ನು ಅವರ ಪ್ರಭಾವಕ್ಕೆ ಸಾಕ್ಷಿಯೆಂದು ಅಭಿಮಾನಿಗಳು ತೋರಿಸುತ್ತಾರೆ, ಪ್ರಭಾವ ಇರುವುದು ನಿಜ ಕೂಡ. ಅಷ್ಟು ಸುಲಭವಾಗಿ ಬೇರ್ಪಡಿಸಿ ಒಯ್ಯಬಹುದಾದದ್ದು ಕೃತಿಯ ಜೀವಾಳವಾಗಿತ್ತೇ ಎಂಬುದು ನನ್ನ ಪ್ರಶ್ನೆ.

ಅವರನ್ನು ಹೊಗಳುವವರೆಲ್ಲ ಬಾಲ್ಯದ ಮಾತು ಎತ್ತುತ್ತಾರೆ. ಈ ಸಂಗೀತ ಕೇಳಿದರೆ ಮರೆತ ಬಾಲ್ಯ ಮರಳುತ್ತದಂತೆ. ಇಂಗ್ಲಿಷಿನಲ್ಲಿ ಇದನ್ನು ಬರೆದ ವಿಮರ್ಶಕರಲ್ಲಿ ಬಹಳ ಜನ ಬ್ರಿಟನ್ನಿನಲ್ಲೋ ಉತ್ತರ ಅಮೆರಿಕದಲ್ಲೋ 1970ರ ದಶಕದಲ್ಲಿ ಮಕ್ಕಳಾಗಿದ್ದವರು. ಶಾಲೆಯಲ್ಲಿ ತೋರಿಸುತ್ತಿದ್ದ ವಿಜ್ಞಾನದ ಚಿತ್ರಗಳು, ಟಿವಿ ಕಾರ್ಯಕ್ರಮದ ಕೊನೆಯ ನಾಲ್ಕು ಸ್ವರಗಳು, ಬಣ್ಣ ಹೋದ ಕುಟುಂಬದ ಫೋಟೋ ಅವರೊಳಗೆ ಆಗಲೇ ಇವೆ. 1998ರ ಆಲ್ಬಮ್ಮಿನ ಮುಖಪುಟದಲ್ಲೂ ಅಂಥದೇ ಫೋಟೋ, ಮುಖಗಳನ್ನು ಅಳಿಸಿದ್ದು. ನಾನು ಬೆಳೆದದ್ದು ಆಕಾಶವಾಣಿ ಧಾರವಾಡದ ಜೊತೆ. ಬೆಳಗ್ಗೆ ವಾಲ್ಟರ್ ಕೌಫ್‌ಮನ್ ಅವರ ಆ ಸಂಕೇತ ಸಂಗೀತ, ತಂಬೂರಿಯ ಮೇಲೆ ವಯೊಲಿನ್. ನಮ್ಮ ಮನೆಗೆ ಟಿವಿ ಬರುವ ಹೊತ್ತಿಗೆ ನಾನು ಲಂಗ ಬಿಟ್ಟು ಸೀರೆ ಉಡುತ್ತಿದ್ದೆ. ಹೀಗಾಗಿ ಸ್ಯಾಂಡಿಸನ್ ಸಹೋದರರ ಮಂಕು ಸಿಂಥಸೈಜರ್ ನನ್ನಲ್ಲಿ ಯಾವ ಕದವನ್ನೂ ತಟ್ಟಲಿಲ್ಲ. ಸ್ವರವನ್ನು ಸ್ವರವಾಗಿಯೇ ಕೇಳಬೇಕಾಯಿತು. ವಿಮರ್ಶಕರು ಆಲ್ಬಮ್ಮಿನ ಸಾಧನೆಯೆಂದು ಎಣಿಸಿದ್ದರಲ್ಲಿ ದೊಡ್ಡ ಪಾಲು ಅವರೇ ಮನೆಯಿಂದ ತಂದ ನೆನಪು ಎಂದು ಆಗ ಅನ್ನಿಸಿತು.

ಇದಕ್ಕೆ ನನ್ನ ಜೊತೆ ಕೆಲಸ ಮಾಡುವ ಹುಡುಗನ ತಕರಾರಿದೆ. ಅವನು ಹುಟ್ಟಿದ್ದೇ 2000ದ ಆಚೆ, ಹಳಿಯಾಳದ ಕಡೆಯವನು. “ಇದನ್ನ ಕೇಳಿದ್ರ ನಾ ಸಣ್ಣವ ಇದ್ದಾಗಿಂದು ನೆನಪಾಗ್ತದ್ರೀ ಅಕ್ಕಾರ,” ಅಂದ. ಅವನ ಬಾಲ್ಯದಲ್ಲಿ ಟೇಪೂ ಇರಲಿಲ್ಲ, ಕೆನಡಾದ ಸಾಕ್ಷ್ಯಚಿತ್ರವೂ ಇರಲಿಲ್ಲ. ಅವನ ಮಾತು ಸುಳ್ಳಲ್ಲ, ಕಣ್ಣಲ್ಲಿ ಕಾಣುತ್ತಿತ್ತು. ನಾನು ಇದರ ಬಗ್ಗೆ ತುಂಬ ಯೋಚಿಸಿದ್ದೇನೆ. ತೂಗಾಡುವ ಶ್ರುತಿ, ಮಾಸಿದ ಬಣ್ಣ ಎಂದರೆ ನೆನಪು ಎಂಬ ಸಂಕೇತವನ್ನು ಸಿನಿಮಾಗಳೂ ಫೋನಿನ ಫಿಲ್ಟರುಗಳೂ ಅವನಿಗೆ ಕಲಿಸಿವೆ. ಸಂಕೇತ ಸಿಕ್ಕ ಕೂಡಲೇ ಅವನ ಮನಸ್ಸು ತನ್ನದೇ ಹಳಿಯಾಳವನ್ನು ಅಲ್ಲಿ ತುಂಬುತ್ತದೆ. ಸಂಗೀತಕ್ಕೆ ಆ ಶಕ್ತಿ ಇರುವುದನ್ನು ನಾನು ಒಪ್ಪುತ್ತೇನೆ, ಅದು ಸಣ್ಣದಲ್ಲ. ಆದರೆ ‘ಏರ್‌ಪೋರ್ಟ್ಸ್’ ಅಥವಾ ವಹೀದ್ ಖಾನರ ದರ್ಬಾರಿ ನನ್ನ ನೆನಪನ್ನು ಬೇಡುವುದಿಲ್ಲ. ಅದು ತಾನೇ ಏನನ್ನೋ ಕೊಟ್ಟುಹೋಗುತ್ತದೆ.

ಇನ್ನು ಈ ಜೋಡಿಯ ನಿಗೂಢತೆಯ ವಿಷಯ. ತಾವಿಬ್ಬರೂ ಅಣ್ಣತಮ್ಮಂದಿರು ಎಂಬುದನ್ನೇ 2005ರ ತನಕ ಹೊರಗೆ ಹೇಳಿರಲಿಲ್ಲ. ಇನ್ನೊಂದು ಸಹೋದರ ಜೋಡಿಯಾದ ಆರ್ಬಿಟಲ್ ಜೊತೆ ಹೋಲಿಸುತ್ತಾರೆಂಬ ಕಾರಣಕ್ಕೆ. ಅದು ಅವರ ಇಷ್ಟ. 2002ರ ‘ಜಿಯೋಗಾಡಿ’ 23 ತುಣುಕುಗಳ ಆಲ್ಬಂ, ಒಟ್ಟು ಅವಧಿ 66 ನಿಮಿಷ 6 ಸೆಕೆಂಡು. ಸೈತಾನನ ಸಂಖ್ಯೆಗೆ ಹೊಂದಿಸಲು ಕೊನೆಯಲ್ಲಿ ಬರೀ ಮೌನದ ಒಂದು ತುಣುಕನ್ನು ಇಟ್ಟರು. ಬಿಡುಗಡೆಗೆ ಮುಂಚೆ ಅದನ್ನು ಹಲವು ನಗರಗಳ ಚರ್ಚುಗಳಲ್ಲಿ ಕೇಳಿಸಲಾಯಿತು. 2013ರಲ್ಲಿ ‘ಟುಮಾರೋಸ್ ಹಾರ್ವೆಸ್ಟ್’ ಬರುವ ಮುನ್ನ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಹೆಸರಿಲ್ಲದ ಒಂದು ವಿನೈಲ್ ತಟ್ಟೆ ಸಿಕ್ಕಿತು, ಅದರಲ್ಲಿ ಆರು ಅಂಕಿಗಳನ್ನು ಓದುವ ದನಿ. ಉಳಿದ ಅಂಕಿಗಳನ್ನು ರೇಡಿಯೋ, ಟಿವಿಗಳಲ್ಲಿ ಅಡಗಿಸಿಟ್ಟು ಲೋಕದ ತುಂಬ ಅಭಿಮಾನಿಗಳಿಂದ ಹುಡುಕಿಸಿದರು. ಹುಡುಕುವವರ ಉತ್ಸಾಹ ನನಗೆ ಅರ್ಥವಾಗುತ್ತದೆ, ಹಳೆಯ ಟೇಪಿನ ಡಬ್ಬಿಯ ಮೇಲಿನ ಅಳಿಸಿದ ಅಕ್ಷರ ಓದಲು ನಾನೂ ರಾತ್ರಿ ಕೂತವಳು. ಅವರ ಹುಡುಕಾಟದ ಕೊನೆಗೆ ಸಿಕ್ಕಿದ್ದು ಹೊಸ ಆಲ್ಬಂ ಬರುತ್ತಿದೆ ಎಂಬ ಸುದ್ದಿ.

ನನಗೆ ನಿಜವಾಗಿ ನೋವಾದದ್ದು ಬೇರೆ ಕಡೆ. 1993ರ ಏಪ್ರಿಲ್ 19ರಂದು ಟೆಕ್ಸಸ್‌ನ ವೇಕೋ ಬಳಿ, 51 ದಿನಗಳ ಮುತ್ತಿಗೆಯ ಕೊನೆಗೆ, ಬ್ರಾಂಚ್ ಡೇವಿಡಿಯನ್ ಎಂಬ ಪಂಥದವರಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮಕ್ಕಳೂ ಇದ್ದರು. 2000ದಲ್ಲಿ ಬಂದ ಈ ಜೋಡಿಯ ‘ಇನ್ ಎ ಬ್ಯೂಟಿಫುಲ್ ಪ್ಲೇಸ್ ಔಟ್ ಇನ್ ದ ಕಂಟ್ರಿ’ ಮತ್ತು ‘ಜಿಯೋಗಾಡಿ’ಯ ‘1969’ ಎರಡರಲ್ಲೂ ಆ ಪಂಥದ ಸುಳಿವುಗಳಿವೆ. ಒಂದು ತುಣುಕಿಗೆ ಆ ಪಂಥದ ಮಹಿಳೆಯೊಬ್ಬರ ಹೆಸರನ್ನೇ ಇಟ್ಟಿದ್ದಾರೆ. ಹೆಸರು ಇದೆ, ಯಂತ್ರದಲ್ಲಿ ಹಾಯಿಸಿದ ಮಾತಿನ ಚೂರು ಇದೆ. ಆ ಸಾವುಗಳ ಬಗ್ಗೆ ಸಂಗೀತ ಏನನ್ನಾದರೂ ಅನುಭವಿಸಿದೆಯೇ ಎಂದು ಎಷ್ಟು ಕೇಳಿದರೂ ನನಗೆ ಸಿಗಲಿಲ್ಲ. ಸ್ವರ ಅದೇ ಹಿತವಾದ ಮಂಕಿನಲ್ಲಿ ತೇಲುತ್ತದೆ. ಹಿತದ ಕೆಳಗೆ ಭಯ ಅಡಗಿದೆ ಎಂದು ವಿಮರ್ಶಕರು ಬರೆದಿದ್ದಾರೆ. ಭಯಕ್ಕಾಗಿ ನಿಜವಾದ ಸಾವುಗಳನ್ನು ಎರವಲು ತಂದರೆ ಅವಕ್ಕೆ ಸಲ್ಲಬೇಕಾದದ್ದೂ ಸಲ್ಲಬೇಕು.

ಎರವಲಿನ ಮಾತು ಬಂದಾಗ ಡೀಲಿಯಾ ಡರ್ಬಿಶೈರ್ ಅವರನ್ನು ನೆನೆಯಲೇಬೇಕು. 1937ರಲ್ಲಿ ಕಾವೆಂಟ್ರಿಯಲ್ಲಿ ಹುಟ್ಟಿ, ಕೇಂಬ್ರಿಡ್ಜಿನಲ್ಲಿ ಗಣಿತ ಮತ್ತು ಸಂಗೀತ ಓದಿ, 1962ರಲ್ಲಿ ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪ್ ಸೇರಿದವರು. ಮರುವರ್ಷ ‘ಡಾಕ್ಟರ್ ಹೂ’ ಧಾರಾವಾಹಿಯ ಶೀರ್ಷಿಕೆ ಸಂಗೀತವನ್ನು, ರಾನ್ ಗ್ರೇನರ್ ಬರೆದ ಧಾಟಿಯ ಮೇಲೆ, ಸಿಂಥಸೈಜರೇ ಇಲ್ಲದೆ ಕಟ್ಟಿದರು. ಒಂದೊಂದು ಸ್ವರವನ್ನೂ ಬೇರೆ ಬೇರೆ ಮುದ್ರಿಸಿ, ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಇಂಚಿಂಚು ಅಳೆದು ಅಂಟಿಸಿದ್ದು. ನಾನು ಆ ಬ್ಲೇಡಿನ ಕೆಲಸ ಮಾಡಿದ್ದೇನೆ, ಒಂದು ನಿಮಿಷದ ಸಂಗೀತಕ್ಕೆ ಬೆನ್ನು ಎಷ್ಟು ಬಾಗಬೇಕೆಂದು ಬಲ್ಲೆ. ಸಹಾರಾದ ತುವಾರೆಗ್ ಜನರ ಸಾಕ್ಷ್ಯಚಿತ್ರಕ್ಕೆ ಅವರು ಮಾಡಿದ ‘ಬ್ಲೂ ವೇಲ್ಸ್ ಆ್ಯಂಡ್ ಗೋಲ್ಡನ್ ಸ್ಯಾಂಡ್ಸ್’ ಕೇಳಿ. ಲೋಹದ ಲ್ಯಾಂಪ್‌ಶೇಡನ್ನು ಬಡಿದು, ಬಡಿತದ ಸದ್ದನ್ನು ಕತ್ತರಿಸಿ ತೆಗೆದು, ಉಳಿದ ಝೇಂಕಾರದಿಂದ ಮರುಭೂಮಿಯ ಬಿಸಿಲ ಅಲೆಯನ್ನು ಎಬ್ಬಿಸಿದ್ದಾರೆ. ಸ್ಯಾಂಡಿಸನ್ ಸಹೋದರರ ತಲೆಮಾರಿನ ಬ್ರಿಟಿಷ್ ಮಕ್ಕಳ ಕಿವಿಯಲ್ಲಿ ಉಳಿದ ಟಿವಿಯ ಎಲೆಕ್ಟ್ರಾನಿಕ್ ಧ್ವನಿ ಹುಟ್ಟಿದ್ದು ಇಂಥ ಜನರ ಕೈಯಲ್ಲಿ. ಗ್ರೇನರ್ ಅವರೇ ಡರ್ಬಿಶೈರ್‌ಗೂ ಪಾಲು ಸಲ್ಲಬೇಕೆಂದು ಬಯಸಿದ್ದರು, ಬಿಬಿಸಿಯ ನಿಯಮ ಅಡ್ಡಬಂತು. ಡರ್ಬಿಶೈರ್ 2001ರಲ್ಲಿ ತೀರಿಕೊಂಡರು. ತೆರೆಯ ಮೇಲೆ ಆ ಸಂಗೀತಕ್ಕೆ ಅವರ ಹೆಸರು ಬಂದದ್ದು 2013ರಲ್ಲಿ, ಧಾರಾವಾಹಿಯ ಐವತ್ತನೇ ವರ್ಷದ ವಿಶೇಷ ಕಂತಿನಲ್ಲಿ. ಅದೇ ವರ್ಷ ಜಗತ್ತು ಇನ್ನೊಂದು ಜೋಡಿಯ ಆರಂಕಿಗಳ ಹಿಂದೆ ಓಡುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೂ ಕೆಲವು ತುಣುಕುಗಳನ್ನು ನಾನು ಬಿಟ್ಟುಕೊಡಲಾರೆ. ‘ಓಲ್ಸನ್’ ಒಂದೂವರೆ ನಿಮಿಷದ್ದು, ಡ್ರಮ್ ಇಲ್ಲ, ಬರೀ ಸಿಂಥಸೈಜರ್ ಉಸಿರಾಡುತ್ತದೆ. ಬೇಕಾದಷ್ಟು ಹೇಳಿ ನಿಲ್ಲಿಸುತ್ತದೆ. ‘ರಾಯ್‌ಜಿಬಿವ್’ ಹೇಗೂ ಇದೆ. ‘ಟರ್ಕಾಯ್ಸ್ ಹೆಕ್ಸಗನ್ ಸನ್’ ಸಂಜೆಯ ಕೆಲಸಕ್ಕೆ ಒಳ್ಳೆಯ ಜೊತೆ. 2005ರ ‘ಡೇವನ್ ಕೌಬಾಯ್’ನಲ್ಲಿ ಗಿಟಾರ್ ಬಂದು ಸೇರಿದಾಗ ಅವರು ತಮ್ಮ ಮಂಕಿನಿಂದ ಹೊರಗೆ ಹೆಜ್ಜೆ ಇಟ್ಟಂತಿತ್ತು. ಅದರ ವಿಡಿಯೋದಲ್ಲಿ 1960ರಲ್ಲಿ ಸುಮಾರು 31 ಕಿಲೋಮೀಟರ್ ಎತ್ತರದ ಬಲೂನಿನಿಂದ ಜಿಗಿದ ಜೋಸೆಫ್ ಕಿಟಿಂಜರ್ ಅವರ ನಿಜವಾದ ಚಿತ್ರಣವಿದೆ. ಆ ಬೀಳುವಿಕೆಗೆ ಆ ಸಂಗೀತ ತಕ್ಕುದಾಗಿಯೇ ಇದೆ. ಅಭಿಮಾನಿಗಳು ಈ ತುಣುಕಿರುವ ಆಲ್ಬಮ್ಮನ್ನು ಕೆಳಗಿಟ್ಟು ಮಾತಾಡುವುದು ನನಗೆ ಸರಿಕಾಣುವುದಿಲ್ಲ. ಅವರು ಹೊಸದೇನನ್ನೋ ಮುಟ್ಟಲು ಹೋದದ್ದು ಇಲ್ಲಿಯೇ.

ಹಳಿಯಾಳದ ಹುಡುಗನಿಗೆ ಡರ್ಬಿಶೈರ್ ಕೇಳಿಸಿದೆ, ಬಸಿನ್ಸ್ಕಿಯನ್ನೂ ಕೇಳಿಸಿದೆ. ಬಸಿನ್ಸ್ಕಿ ಮುಗಿದ ಮೇಲೆ ಅವನು ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ ಆ ಟೇಪಿನ ಪುಡಿ ಯಾವ ಬ್ರ್ಯಾಂಡಿನದಿರಬಹುದೆಂದು ಕೇಳಿದ. ಆದರೂ ಅವನ ಪಟ್ಟಿಯಲ್ಲಿ ಮೊದಲಿರುವುದು ಬೋರ್ಡ್ಸ್ ಆಫ್ ಕೆನಡಾ. ನನ್ನ ಪಟ್ಟಿಯಲ್ಲಿ ಈನೋ, ಡರ್ಬಿಶೈರ್, ಬಸಿನ್ಸ್ಕಿ ಆದ ಮೇಲೆ ಅವರಿದ್ದಾರೆ, ಅದೂ ನಾಲ್ಕು ಆಲ್ಬಮ್ಮುಗಳಿಂದ ಆರಿಸಿದ ಅರ್ಧ ಗಂಟೆಯಷ್ಟು ಸಂಗೀತಕ್ಕಾಗಿ. ಹೊಸದಾಗಿ ಕೇಳಲು ಹೊರಟವರಿಗೆ ನಾನು ಹೇಳುವ ಕ್ರಮವೂ ಇದೇ: ಮೊದಲು ‘ಏರ್‌ಪೋರ್ಟ್ಸ್’, ಹೆಡ್‌ಫೋನ್ ಇಲ್ಲದೆ, ಕಿಟಕಿ ತೆರೆದಿಟ್ಟು.